ಮೂಲೆಮಟ್ಟಕ್ಕೆ ಸಿಗದ್ದು

ನನ್ನ ಕೈಗೆ ಗೊತ್ತಿದ್ದದ್ದು ತೊಂಬತ್ತು ಡಿಗ್ರಿ.
ಕಪಾಟು, ಟೀವಿ ಸ್ಟ್ಯಾಂಡು, ಮಂಚದ ತಲೆಹಲಗೆ,
ಮದುವೆ ಸೀಜನ್ನಿಗೆ ಹನ್ನೆರಡು ಡ್ರೆಸ್ಸಿಂಗ್ ಟೇಬಲ್ಲು.
ಎದುರು ಮನೆಗೆ, ಮಗಳ ಹತ್ತಿರ, ಬಂದಿದ್ದರು ಬಾಂದೇಕರರು,
ಎದೆಗೆ ಸ್ಟೆಂಟು ಹಾಕಿಸಿಕೊಂಡು. ಆರು ತಿಂಗಳು ಸಮುದ್ರ ವರ್ಜ್ಯ.
ದಿನಾ ನನ್ನ ಅಂಗಡಿ ಬೆಂಚಿನ ಮೇಲೆ ಕೂತು
ರಂದದ ಸಿಪ್ಪೆಯನ್ನು ಬೆರಳಿಗೆ ಸುತ್ತುವರು, ಬಿಚ್ಚುವರು.

ಒಂದು ದಿನ ಹೇಳಿದರು:
"ಕಾರವಾರದಲ್ಲಿ ನನ್ನದೊಂದು ಹಾಯಿದೋಣಿ ಇದೆ, ಮೌನೇಶ.
ದಡಕ್ಕೆ ಬರಲಾರದು, ಹೊಟ್ಟೆಯಡಿ ಸೀಸದ ಭಾರ,
ನಡುನೀರಲ್ಲೇ ಲಂಗರು.
ಅದರ ತನಕ ಹೋಗಲಿಕ್ಕೆ ಒಂದು ಕರು ಬೇಕು."
ಕರು?
"ಪುಟ್ಟ ದೋಣಿ. ಎಂಟಡಿಗೆ ಎರಡಂಗುಲ ಕಮ್ಮಿ.
ಎರಡು ಹಾಳೆ ಪ್ಲೈವುಡ್."

ದಾವಣಗೆರೆಯಲ್ಲಿ ದೋಣಿ!
ಊರಿನ ಹೆಸರಲ್ಲಿ ಕೆರೆ ಇದೆ,
ನಮ್ಮ ಓಣಿಯ ನಲ್ಲಿಗೆ ಅದು ಗೊತ್ತಿಲ್ಲ.

ಪ್ಲೈವುಡ್ ತಂದೆವು. ಅದರ ಸೀಲನ್ನು ಅವರು ನಂಬಲಿಲ್ಲ.
ಮಗಳ ಕುಕ್ಕರಿನಲ್ಲಿ ತುಂಡೊಂದನ್ನು ಹಾಕಿ
ಹದಿನಾಲ್ಕು ಸೀಟಿ ಕೂಗಿಸಿದರು.
ಹಲಗೆ ಪದರ ಬಿಡಲಿಲ್ಲ.
ಮಗಳು ಮಾತು ಬಿಟ್ಟಳು, ಎರಡು ದಿನ.

ನಕ್ಷೆ ಹಾಸಿ ಕೂತೆ. ಒಂದೂ ನೇರ ಗೆರೆಯಿಲ್ಲ.
ಕತ್ತರಿಸಿದ ಹಲಗೆಗಳು ಒಣಮೀನಿನ ಹಾಗೆ ಚಪ್ಪಟೆ ಬಿದ್ದಿದ್ದವು,
ಅಂಚಿಗೆ ಅಂಚು ಎಲ್ಲಿ ಸೇರಬೇಕೋ ಅಲ್ಲೆಲ್ಲ ಬಾಯಿ.
ಮೂಲೆಮಟ್ಟ ಇಟ್ಟೆ, ಕೂರಲಿಲ್ಲ.
ರಸಮಟ್ಟದ ಗುಳ್ಳೆ ಓಡಿಹೋಗಿ ತುದಿಯಲ್ಲಿ ಅಡಗಿತು.
ಮೂವತ್ತು ವರ್ಷದ ಕಸುಬು ನನ್ನೆದುರೇ ಕುಂಟಿತು.

ಪಕ್ಕದಂಗಡಿಯ ಶಮೀಮಬಾನು, ಬ್ಲೌಸು ಹೊಲಿಯುವವಳು,
ಕತ್ತರಿಗೆ ಸಾಣೆ ಹಿಡಿಸಲು ಬಂದವಳು
ಬಗ್ಗಿ ನೋಡಿ, "ಡಾರ್ಟು ಅಲ್ಲೇನಣ್ಣ ಇದು" ಅಂದಳು.
"ಚಪ್ಪಟೆ ಬಟ್ಟೆಗೆ ಎದೆ ಬರಬೇಕಂದ್ರೆ
ಒಂಚೂರು ಕತ್ತರಿಸಿ ಕಳಕೋಬೇಕು,
ಆಮೇಲೆ ಆ ಬಾಯಿ ಹೊಲೀಬೇಕು."

ಹೊಲಿದೆವು.
ತೂತು ಕೊರೆದದ್ದು ನಾನು, ತಾಮ್ರದ ತಂತಿ ಪೋಣಿಸಿದ್ದು ಅವಳು,
ಬೀದಿ ಹುಡುಗರು ಎರಡೂ ಕಡೆ ತಬ್ಬಿ ನಿಂತರು.
ಇಕ್ಕಳದಲ್ಲಿ ಒಂದೊಂದೇ ತಿರುವು ಬಿಗಿದಂತೆ
ಹಲಗೆ ನರಳಿತು, ಬಾಗಿತು,
ನೋಡನೋಡುತ್ತ ಅಂಗಡಿಯೊಳಗೊಂದು ಬಸುರು ಮೂಡಿತು.
"ಏನ್ರಿ ಆಚಾರ್ರೆ, ಎಮ್ಮೆಗೆ ಬಾನಿನಾ?"
"ಯಾವ ಮಠದ್ದು ತೊಟ್ಟಿಲು?"
ಎಲ್ಲದಕ್ಕೂ ಹೂಂ ಅಂದೆ.

ಮೇ ತಿಂಗಳ ಧಗೆಗೆ ಎಪಾಕ್ಸಿ
ಮಗ್ಗಿನಲ್ಲೇ ಹೊಗೆಯಾಡಿ ಕಲ್ಲಾಗುತ್ತಿತ್ತು.
ಅದಕ್ಕೇ ಬೆಳಗಿನ ನಾಲ್ಕಕ್ಕೆದ್ದು,
ಮಂಡಕ್ಕಿ ಭಟ್ಟಿಯವರ ಜರಡಿ ಎರವಲು ತಂದು,
ಗರಗಸದ ಹೊಟ್ಟು ಸೋಸಿ, ಅಂಟಿಗೆ ಕಲಸಿ,
ಶೇಂಗಾ ಚಟ್ನಿಯ ಹದಕ್ಕೆ ತಂದು
ಒಳಮೂಲೆಗಳಿಗೆಲ್ಲ ಚಮಚದ ಬೆನ್ನಿನಿಂದ ಸವರಿದೆ.
ಮೂಲೆ ಎಂಬುದನ್ನೇ ಅಳಿಸುತ್ತಿದ್ದೆ ನಾನು,
ಇಷ್ಟು ವರ್ಷ ಅನ್ನ ಕೊಟ್ಟ ಮೂಲೆಯನ್ನು.
(ಭಟ್ಟಿಯವರು ಆ ಜರಡಿ ವಾಪಸು ಮುಟ್ಟಲಿಲ್ಲ. ಹೊಸದು ಕೊಡಿಸಿದೆ.)

ಭದ್ರಾ ಕಾಲುವೆಯ ಕೊನೆಯ ಸರದಿಗೆ
ಲಗೇಜ್ ಆಟೋದಲ್ಲಿ ಒಯ್ದೆವು.
ಬಾಂದೇಕರರು ಹತ್ತುವಂತಿಲ್ಲ, ಹಗ್ಗ ಹಿಡಿದು ದಂಡೆಯಲ್ಲಿ ನಿಂತರು.
ಕೂತವರು, ಈಜು ಬಾರದ ನಾವಿಬ್ಬರು.
ತೇಲಿತು.
ಮೊದಲ ಸಲ ನಾನು ಮಾಡಿದ್ದೊಂದು
ಇಟ್ಟಲ್ಲಿ ನಿಲ್ಲಲಿಲ್ಲ.

ಆಗಲೇ ಕಾಲ ಬಳಿ ನೀರಿನ ಎಳೆಯೊಂದು,
ಸೂಜಿಯಷ್ಟು ಸಪೂರ, ಎದ್ದು ನಿಂತಿತು:
ತುಂಬಲು ಮರೆತ ಒಂದೇ ಒಂದು ತೂತು.
ಶಮೀಮ ಕಿರುಚಲಿಲ್ಲ.
ಅಂಗುಸ್ತಾನ ತೊಟ್ಟೇ ಬಂದಿದ್ದ ಬೆರಳನ್ನು ಅದರ ಮೇಲೊತ್ತಿ
"ನಡೀರಿ" ಅಂದಳು, "ಹೊಲಿಗೆ ಅಂದ್ಮೇಲೆ ಒಂದು ಬಿಡ್ತತಿ."

ಮೆಕ್ಕೆಜೋಳದ ಲಾರಿಯ ಮೇಲೆ ಬೋರಲು ಮಲಗಿ
ಕಾರವಾರಕ್ಕೆ ಹೋಯಿತು.
ನಾನು ಸಮುದ್ರ ನೋಡಿಲ್ಲ.
ಸೀಟಿನ ತಳದಲ್ಲಿ ಪೆನ್ಸಿಲ್ಲಿನ ಲೆಕ್ಕ ಒರೆಸದೆ ಬಿಟ್ಟಿದ್ದೇನೆ:
ತಂತಿ ಇನ್ನೂರ ಹತ್ತು ತುಂಡು.
ಶಮೀಮಬಾನುಗೆ ಕೊಡುವುದು ಎಂಟುನೂರು.
ಅವಳು ಇನ್ನೂ ತಗೊಂಡಿಲ್ಲ.

ನಿನ್ನೆ ಒಂದು ಕಪಾಟು. ಬಾಗಿಲು ಚೂರು ಬಾಗಿತ್ತು.
"ಕೆಟ್ಟಿತೇನ್ರಿ?" ಅಂದ ಗಿರಾಕಿ.
ಇಲ್ಲ, ಅಂದೆ.
ಸ್ವಲ್ಪ ತಡೀರಿ.