ಮುಂದಿನ ಶಾಫ್ಟು

ಶಿರಸಿಯಲ್ಲಿ ಅರಣ್ಯ ಇಲಾಖೆಯ ಹರಾಜು,
ಹದಿನೇಳನೆಯ ಲಾಟು.
ಹದಿನಾರು, ಮುರಿದ ತಕ್ಕಡಿ. ಹದಿನೆಂಟು, ಬಾಗಿಲಿಲ್ಲದ ಮೂರು ಕಪಾಟು.
ನಡುವೆ ಇದು,
ಗಾಳಿಯಿಲ್ಲದ ಟೈರಿನ ಮೇಲೆ ಕುಕ್ಕರುಗಾಲಲ್ಲಿ ಕೂತ ಜೀಪು,
ಸೀಟಿನ ಹೊಟ್ಟೆಯಲ್ಲಿ ಕೆಂಜಿಗದ ಸಂಸಾರ.
ನಾನು ಕೈ ಎತ್ತಿದೆ.
ಸೆರಗು ಸರಿಮಾಡಿಕೊಂಡಳು ಅಂದುಕೊಂಡ ಹರಾಜಿನವ.
ಎರಡನೇ ಸಲ ಎತ್ತಬೇಕಾಯಿತು.

ಲಾರಿಯ ಬೆನ್ನಮೇಲೆ ದೇವಿಮನೆ ಘಟ್ಟ ಇಳಿದು
ಕಾರವಾರ ಮುಟ್ಟುವಷ್ಟರಲ್ಲಿ
ಇದ್ದ ಒಂದು ಕನ್ನಡಿಯೂ ಎಲ್ಲೋ ಉದುರಿತ್ತು.

‘ಯಾಕೆ?’ ಅಂದರು.
ಬೈತಖೋಲದಲ್ಲಿ, ಐಸ್ ಫ್ಯಾಕ್ಟರಿಯ ಕಿಟಕಿಯೊಳಗೆ ಕೂತು
ಚೀಟಿ ಹರಿದು ಕೊಡುವ ನನ್ನನ್ನು
ಟ್ರಾಲರಿನವರು ಕೇಳಿದರು, ಬುಟ್ಟಿ ಹೊತ್ತವರು ಕೇಳಿದರು,
ನಮ್ಮ ಮಾಲಕರಂತೂ ಎರಡು ಸಲ ಕೇಳಿದರು.
ಗಂಡಸು ಕೊಂಡಿದ್ದರೆ
‘ಎಷ್ಟಕ್ಕೆ?’ ಅನ್ನುತ್ತಿದ್ದರು.

ಉತ್ತರ ನನ್ನಲ್ಲೂ ಇರಲಿಲ್ಲ.
ಇಪ್ಪತ್ತಾರು ವರ್ಷ ನೀರು ಗಟ್ಟಿಯಾಗುವುದನ್ನು ಕಾದವಳು,
ಬೆಳಗಾದರೆ ಕರಗುವ ಸರಕಿಗೆ ಬಿಲ್ಲು ಬರೆದವಳು.
ಒಂದಾದರೂ ಕರಗದ್ದು ಬೇಕಿತ್ತೋ ಏನೋ.

ಅದೂ ಕರಗಿತ್ತು.
ನಂದನಗದ್ದೆಯ ಶೆಡ್ಡಿನಲ್ಲಿ ಬಸ್ತ್ಯಾಂವ ಮೇಸ್ತ್ರಿ
ಸುತ್ತಿಗೆಯ ಹಿಡಿಯಲ್ಲಿ ತಟ್ಟುತ್ತ ಹೋದ:
ಟೊಣ್, ಟೊಣ್, ಬುಸ್.
‘ಬುಸ್ ಅಂದಲ್ಲಿ ಗುರುತು ಹಾಕಿ’ ಎಂದು ಚಾಕ್‌ಪೀಸು ಕೊಟ್ಟ.
ಹಾಕಿದೆ, ಹಾಕಿದೆ,
ಕೊನೆಗೆ ಗುರುತಿಲ್ಲದ ಜಾಗ ಹುಡುಕಿದೆವು.
‘ಬಾಯೀ, ಇದು ಗಾಡಿಯಲ್ಲ, ಗಾಡಿಯ ಸುದ್ದಿ.’

ಭಾನುವಾರಗಳೆಲ್ಲ ಬಣ್ಣ ಕೆರೆದೆ.
ಹಸಿರಿನಡಿ ಇನ್ನೊಂದು ಹಸಿರು, ಅದರಡಿ ಬೂದಿ,
ಬೂದಿಯಡಿ ಯಾರೋ ಮೊಳೆಯಲ್ಲಿ ಗೀಚಿದ್ದು:
‘ಯಾಣ ೩ ಸಲ. ಪಂಕ್ಚರ್ ೫.’
ಅಷ್ಟಗಲ ಮಾತ್ರ ಮೇಸ್ತ್ರಿಗೆ ಬಣ್ಣ ಬಳಿಯಗೊಡಲಿಲ್ಲ.
ಕಾರ್ಬುರೇಟರಿನಲ್ಲಿ ಕುಂಬಾರಹುಳ ಮನೆ ಕಟ್ಟಿತ್ತು,
ಅಚ್ಚುಕಟ್ಟಾದ ಮನೆ, ಕೆಡವಲು ಬೇಜಾರಾಯಿತು, ಕೆಡವಿದೆ.

ಚೌತಿಯ ಮಾರನೆಯ ದಿನ ಇಂಜಿನ್ನು ಕೆಮ್ಮಿತು,
ಉಗುಳಿತು, ಆಮೇಲೆ ಮಾತಾಡಿತು.
ಗೇರಿನ ಪಕ್ಕದ ಗಿಡ್ಡ ಸರಳು ಎಳೆದೆ, ಫೋರ್ ವೀಲಿಗೆ.
ಬಂತು. ಬಿಟ್ಟೆ. ಹೋಯಿತು.
ಅಡಿಯಲ್ಲಿ ಏನೂ ತಿರುಗಲಿಲ್ಲ.
ಮೇಸ್ತ್ರಿ ಕೆಳಗೆ ತೂರಿದವ ಮಲಗಿದಲ್ಲೇ ನಗತೊಡಗಿದ:
ಎಣ್ಣೆ ಉಳಿಸಲೆಂದು ಯಾವನೋ
ಮುಂದಿನ ಶಾಫ್ಟನ್ನೇ ಬಿಚ್ಚಿ ಮಾರಿಕೊಂಡಿದ್ದ.
ನಾಲ್ಕು ಕಾಲಿನ ಪ್ರಾಣಿ, ಎದುರಿನವೆರಡು ನಮಸ್ಕಾರಕ್ಕೆ.

ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿದ್ದು ಗೇಣುದ್ದ ಹೆಚ್ಚು.
ಮಡಗಾಂವದ್ದು ನಾಲ್ಕು ಬೆರಳು ಕಮ್ಮಿ.
ಮಾಜಾಳಿಯ ದಂಡೆಯಲ್ಲಿ ಬಸ್ತ್ಯಾಂವ ಬೀಡಿ ಹಚ್ಚಲು ಬಗ್ಗಿದವ
ಬೀಡಿ ಮರೆತ.
ಶಾಣು ತಾಂಡೇಲ ದೋಣಿ ಎಳೆಯುವ ರಾಟೆ,
ಅದರ ನಡುವಿನ ಅಚ್ಚು.
ಕುರುಡರ ಹಾಗೆ ಸವರಿ ನೋಡಿದ, ಎರಡೂ ತುದಿಯ ಕ್ರಾಸು.
‘ನಮ್ಮದೇ ಜಾತಿ.’

‘ಹನ್ನೊಂದು ವರ್ಷದಿಂದ ನನ್ನ ದೋಣಿ ಎಳೀತಾ ಇದೆ,
ಮಾರೂದಿಲ್ಲ’ ಅಂದ ಶಾಣು.
ದುಡ್ಡು ಏರಿಸಿದೆ. ಬಲೆಯ ಕಣ್ಣು ಕಟ್ಟುತ್ತಲೇ ಇದ್ದ.
ಆಮೇಲೆ ಒಂದು ಗಂಟು ಹಲ್ಲಲ್ಲಿ ಕಚ್ಚಿ ಬಿಗಿದು,
‘ದುಡ್ಡು ಬೇಡ.
ಮಳೆಗಾಲ ಹಿಡಿದಾಗ ದೋಣಿ ಯಾರು ಎಳೀತಾರೆ,
ಶಾಫ್ಟು ಅವರದು.’

ಜೂನಿನ ಮೊದಲ ವಾರ, ಇಳಿತದ ಹೊತ್ತು.
ಹಗ್ಗ ಬಿಗಿಯಿತು, ಹಿಂದಿನ ಗಾಲಿ ಮರಳು ಅಗೆದು ಹೂತುಕೊಂಡಿತು.
ಗಿಡ್ಡ ಸರಳು ಎಳೆದೆ.
ಈ ಸಲ ಅಂಗಾಲಿಗೆ ತಿಳಿಯಿತು,
ಎದುರಿನವೆರಡೂ ಎಚ್ಚರಗೊಂಡದ್ದು.
ದೋಣಿ ಒಂದು ಗೇಣು ಬಂತು.
ನಿಂತಿತು. ಇನ್ನೊಂದು ಗೇಣು.
ಕೊನೆಗೆ ತೆಂಗಿನ ಬುಡದವರೆಗೂ
ಕರೆದ ದನದ ಹಾಗೆ ಬಂದುಬಿಟ್ಟಿತು.

ಹಗ್ಗ ಬಿಚ್ಚುತ್ತಿದ್ದ ಶಾಣುವಿನ ಮೊಮ್ಮಗ
ಬಾನೆಟ್ಟು ತಟ್ಟಿ ಕೇಳಿದ,
‘ಎಷ್ಟಕ್ಕೆ ಕೊಂಡಿರಿ?’
ಸುಳ್ಳು ಹೇಳಿದೆ, ಸ್ವಲ್ಪ ಕಮ್ಮಿ ಮಾಡಿ.

ಕಾಳಿ ಸೇತುವೆ ದಾಟುವಾಗ ಕತ್ತಲಾಗಿತ್ತು.
ಮನೆ ಮುಟ್ಟಿದವಳು ಚಹಕ್ಕೂ ಇಡದೆ
ಬಾವಿಯಿಂದ ಹನ್ನೆರಡು ಕೊಡ ಸಿಹಿನೀರು ಸೇದಿ
ಅದರ ಅಡಿ ತೊಳೆದೆ.
ಉಪ್ಪು ನನಗೆ ಗೊತ್ತು.