ವಾರ ಬಿಟ್ಟು ವಾರ

ಸಮುದ್ರವೇ ಇಲ್ಲದ ದೇಶದಲ್ಲಿ
ನಾಲ್ಕನೆಯ ಮಹಡಿಗೆ
ಸಮುದ್ರ ಹೊರುತ್ತಾನೆ ರಾಡೊವಾನ್:
ಎಡಗೈಗೆ ಉಪ್ಪಿನ ಬಕೆಟ್ಟು, ಬಲಗೈಗೆ ನೀರಿನ ಕ್ಯಾನು.
ಲಿಫ್ಟು ಕೆಟ್ಟು ಹದಿನೆಂಟು ದಿನ.

ಲೀಟರಿಗೆ ಮೂವತ್ತೈದು ಗ್ರಾಂ. ಅಳೆಯುವ ಕೊಳವೆಯಿದೆ.
ಆದರೂ ಬೆರಳದ್ದಿ ನಾಲಿಗೆಗೆ ಮುಟ್ಟಿಸುತ್ತಾನೆ,
ಸಾರಿನ ಉಪ್ಪು ನೋಡುವವರ ಹಾಗೆ.

ತೊಟ್ಟಿಯಲ್ಲಿ ಎರಡೇ ಎರಡು ಕಡಲ್ಗುದುರೆ.
ಕುದುರೆಯೆಂಬುದು ಮುಖಕ್ಕೆ ಮಾತ್ರ;
ಗೊರಸಿಲ್ಲ, ಓಟವಿಲ್ಲ,
ಪಂಪಿನ ಸುಳಿ ತುಸು ಜೋರಾದರೆ ನಿಲ್ಲಲೂ ಬಾರದು.
ಬಾಲದ ತುದಿಯಲ್ಲಿ ಪಾಚಿಯ ದಂಟು ಹಿಡಿದು
ತೂಗುತ್ತವೆ,
ಬ್ರ್ನೋ ಪೇಟೆಯ ತಿರುವಿನಲ್ಲಿ
ಬೆಳಗಿನ ಮೊದಲ ಟ್ರಾಮಿನೊಳಗೆ
ಸರಳು ಹಿಡಿದು ತೂಕಡಿಸುವ ಜನರಂತೆ.
ಕನ್ನಡಿಯಲ್ಲಿ ದಿನಾ ನೋಡುತ್ತಾನೆ ಅವರನ್ನು.
ಬ್ರೇಕು ಮೆಲ್ಲಗೆ ಒತ್ತುತ್ತಾನೆ.

ಜಠರವೇ ಇಲ್ಲದ ಜೀವ. ತಿಂದದ್ದು ನಿಲ್ಲುವುದಿಲ್ಲ,
ದಿನಕ್ಕೆ ಮೂರು ಸಲ ಬಡಿಸಬೇಕು.
ಪಾಳಿ ಮುಗಿಸಿ ಬಂದವನು ಬೂಟು ಕಳಚುವ ಮೊದಲೇ
ಚಹಾ ಸೋಸುವ ಜರಡಿಯಲ್ಲಿ ಸೀಗಡಿಯ ಹಿಮ ಕರಗಿಸುತ್ತಾನೆ.
ಅದರ ಒಂದು ಕಣ್ಣು ಸೀಗಡಿಯ ಮೇಲೆ, ಇನ್ನೊಂದು ಇವನ ಮೇಲೆ.
ಆಮೇಲೆ, ಗಾಜಿನೀಚೆಗೂ ಕೇಳುವಂತೆ,
ಟಕ್.
ಆ ಸದ್ದಿಗೆ ನಗುತ್ತಾಳೆ ಲುಡ್ಮಿಲಾ.
ಎಂಟು ವರ್ಷ. ವಾರ ಬಿಟ್ಟು ವಾರ ಇಲ್ಲಿ.
ಕೋರ್ಟಿನ ಕಾಗದದಲ್ಲಿ ಹಾಗಿದೆ: ಭಾನುವಾರ, ಸಂಜೆ ಆರು.

ಬಸುರಾದದ್ದು ಗಂಡು.
"ನಿಂಗೂ ಹೀಗೇ ಆಗಿತ್ತಾ ಅಪ್ಪಾ?"
"ಇಲ್ಲ, ನಾನು ಆಸ್ಪತ್ರೆಯ ಪಡಸಾಲೆಯಲ್ಲಿ
ಕಾಫಿ ಮಷೀನಿಗೆ ನಾಣ್ಯ ಹಾಕ್ತಿದ್ದೆ.
ನಾಣ್ಯ ನುಂಗ್ತು. ಕಾಫಿ ಕೊಡ್ಲಿಲ್ಲ."

ದಿನಾ ಬೆಳಗು ಹೆಣ್ಣು ಬಂದು
ಮೈಬಣ್ಣ ತಿಳಿಯಾಗಿಸಿ, ಬಾಲಕ್ಕೆ ಬಾಲ ಹೆಣೆದು
ಏಳೆಂಟು ನಿಮಿಷ ಸುತ್ತಿ, ಬಿಟ್ಟು
ತನ್ನ ಮೂಲೆಗೆ ಮರಳುತ್ತಿತ್ತು.
ರಾಡೊವಾನ್ ಆಗ ಒರೆಸಿದ ಗಾಜನ್ನೇ ಒರೆಸುತ್ತಿದ್ದ.

ಹೆರಿಗೆಯಾದದ್ದು ಅವಳಿಲ್ಲದ ವಾರ,
ಬುಧವಾರ, ನಸುಕಿನ ನಾಲ್ಕಕ್ಕೆ.
ಬಿಲ್ಲಿನಂತೆ ಬಾಗಿ ತಿಣುಕಿತು ಗಂಡು;
ಒಂದು, ಆಮೇಲೆ ಹತ್ತು, ಆಮೇಲೆ ನೀರಿನ ತುಂಬ
ಅಕ್ಷರಗಳಿಂದ ಕಳಚಿ ಓಡಿಬಂದ
ಕೊಂಬುಗಳು, ಬರೀ ಕೊಂಬುಗಳು.
ಲೋಟದಲ್ಲಿ ಮೊಗೆದು ಮೊಗೆದು ಬೇರೆ ಭರಣಿಗೆ ಬಿಟ್ಟ
ಚಡ್ಡಿಯಲ್ಲಿ ನಿಂತ ಸೂಲಗಿತ್ತಿ.
ಅಂದು ಮೊದಲ ಟ್ರಾಮು ತಡವಾಯಿತು.

ಪಾನಕದ ಖಾಲಿ ಬಾಟಲಿ ತಲೆಕೆಳಗಾಗಿ ಕಟ್ಟಿ
ಗಾಳಿಯ ನಳಿಕೆ ತೂರಿಸಿ
ಕಣ್ಣಿಗೆ ಕಾಣದಷ್ಟು ಸೀಗಡಿ ಮರಿ ಮಾಡಿದ.
ರಾತ್ರಿಯಿಡೀ ಅಲಾರಂ.
"ಎಷ್ಟು?" ಫೋನಿನಲ್ಲಿ.
"ಇನ್ನೂರ ಹನ್ನೊಂದು!"
ಗುರುವಾರ, "ಎಷ್ಟು?"
"ನೂರರ ಮೇಲಿರಬೇಕು."
ಶುಕ್ರವಾರ, "ಎಣಿಸೋಕೆ ಬಿಡುವಾಗ್ಲಿಲ್ಲ ಪುಟ್ಟಿ."
ಶನಿವಾರ ಅವಳು ಕೇಳಲಿಲ್ಲ.
ಹಲ್ಲು ಬಿದ್ದ ಸುದ್ದಿ ಹೇಳಿದಳು.

ಭಾನುವಾರ ಆರಕ್ಕೆ ಬಂದವಳು
ಕೋಟು ಬಿಚ್ಚದೆ ನೇರ ಭರಣಿಯ ಬಳಿಗೆ.
ಅವನು ಮಾತು ಜೋಡಿಸಿಟ್ಟಿದ್ದ,
ಕಡಲಿನಲ್ಲಾದರೆ ಒಂದೂ ಉಳಿಯುತ್ತಿತ್ತೋ ಇಲ್ಲವೋ ಎಂದೆಲ್ಲ.
ಗಾಜಿಗೆ ಮೂಗೊತ್ತಿ ಎಣಿಸಿದಳು: ಹದಿನಾಲ್ಕು.
ಮತ್ತೆ ಎಣಿಸಿದಳು: ಹದಿಮೂರು.
ಮರಿಗಳು ಒಂದರ ಬಾಲಕ್ಕೊಂದು ಜೋತು
ಗಂಟಾಗಿದ್ದವು.

"ಹಿಡ್ಕೊಳ್ಳೋಕೆ ಏನೂ ಇಟ್ಟಿಲ್ವಲ್ಲ ನೀನು," ಎಂದಳು,
ಬಯ್ದ ಹಾಗಲ್ಲ.
ಅಡುಗೆಮನೆಗೆ ಹೋಗಿ
ಬೆಳ್ಳುಳ್ಳಿ ತುಂಬಿದ್ದ ಬಲೆಚೀಲ ಬರಿದು ಮಾಡಿ ತಂದಳು.
ಅವನು ಅದನ್ನು ಬಿಸಿನೀರಲ್ಲಿ ತೊಳೆದ,
ವಾಸನೆ ಹೋಗುವ ತನಕ ತೊಳೆದ, ಇಳಿಬಿಟ್ಟ.

ಒಂದು ಬಂತು. ಮುಟ್ಟಿತು. ಬಿಟ್ಟಿತು.
ಮತ್ತೆ ಬಂತು.
ಸಿಪ್ಪೆ ಸುಲಿಯದ ಬೆಳ್ಳುಳ್ಳಿ ಮೇಜಿನ ತುಂಬ ಉರುಳಾಡುತ್ತಿತ್ತು,
ಊಟಕ್ಕೆ ಏನೂ ಆಗಿರಲಿಲ್ಲ.