ಕಳಿಸುವವರ ಹೆಸರು

ಸಾಖರಪೇಠೆಯ ಮಗ್ಗಗಳ ಸದ್ದಿಗೆ ಬೆನ್ನು ಕೊಟ್ಟು
ಆರಡಿಯ ಅಂಗಡಿ ನನ್ನದು.
ಉಬ್ಬಿದ ಬ್ಯಾಟರಿ, ಸೀಳಿದ ಗಾಜು,
ಬೆಸುಗೆಯ ಹೊಗೆಗೆ ಹಳದಿಯಾದ ಗೋಡೆ.
ಸೊಲ್ಲಾಪುರ ಬೇಡವೆಂದ ಫೋನೆಲ್ಲ
ಕೊನೆಗೆ ನನ್ನ ಡಬ್ಬಿಗೇ ಬಂದು ಬೀಳುತ್ತವೆ.

ವಳಸಂಗದ ಎಸ್ಟಿ ಇಳಿದು ಸಂಗೂಬಾಯಿ ಬಂದಳು.
ಸೆರಗಿನ ಗಂಟು ಬಿಚ್ಚಿ ಮುಂದಿಟ್ಟಳು
ಗುಂಡಿಗಳ ಹಳೇ ನೋಕಿಯಾ.
ಐದರ ಗುಂಡಿ ಸವೆದು ಪೂರಾ ಬೋಳು.
"ಬರೂದು ಬರತೈತಿ ಅಣ್ಣಾ, ಹೋಗೂದು ಹೋಗವಲ್ದು."

ಏನು?
"ಮೇಲು. ನಮ್ಮ ಮನಿ ಇದ್ದಂಗ ಐತಿ ಇದು.
ಅತ್ತೀ ಮಾತು ಒಳಗ ಬರತಿದ್ದವು,
ನನ್ನವು ಗಂಟಲ ದಾಟತಿದ್ದಿಲ್ಲ."

ತೆರೆದು ನೋಡಿದೆ. ಹೊರಡದೆ ಕೂತವು ಹನ್ನೊಂದು.
ತಾರೀಖು ನೋಡಿದರೆ
ಎರಡು ಸಾವಿರದ ಆರು, ಜನವರಿ ಒಂದು.
ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ
ಅದಕ್ಕೆ ಅದೇ ಹೊಸವರ್ಷ.
ಇನ್ನೂ ಹುಟ್ಟದ ದಿನದ ಪ್ರಮಾಣಪತ್ರವನ್ನು
ಯಾವ ಫೋನು ನಂಬುತ್ತದೆ?
ಇವತ್ತಿಗೆ ತಂದು ನಿಲ್ಲಿಸಿದೆ.

ಒಳಬರುವ ಸರ್ವರು ಸರಿ ಇತ್ತು.
ಹೊರಹೋಗುವದಕ್ಕೆ ಪೋರ್ಟು ನಾಲ್ಕುನೂರಾ ಅರವತ್ತೈದು,
ಅದಕ್ಕೂ ಬೇರೆ ಹೆಸರು, ಬೇರೆ ಪಾಸ್‌ವರ್ಡು.
"ಒಳಗ ಬರಾಕ ಒಮ್ಮೆ ಕೊಟ್ಟೀನಲ್ಲ?"
ಹೊರಗೆ ಹೋಗಲಿಕ್ಕೂ ಕೇಳತೈತಿ ಬಾಯಿ.
"ಹೌದಲ್ಲ," ಅಂದಳು, "ಕೇಳತೈತಿ."

ಹನ್ನೊಂದೂ ಹೋದವು,
ಕೊಟ್ಟಿಗೆ ಬಾಗಿಲು ತೆಗೆದಂತೆ ಒಂದರ ಹಿಂದೊಂದು.

ಆಮೇಲೆ ಚೀಲದಿಂದ ಒಂದು ಟವೆಲ್ಲು ತೆಗೆದಳು.
"ಕಲಬುರ್ಗಿ ಸಾವಕಾರ್ರು ನಕ್ಷಿ ಕಳಿಸಿದ್ರು.
ನೋಡಿಕೋತ ನೇಯ್ದೀನಿ."
ಫೋನು ತೋರಿಸಿದಳು: ಪರದೆಯ ತುಂಬ ಚೌಕಗಳು.
ಟವೆಲ್ಲಿನ ಅಂಚಿಗೂ ಅವೇ, ನೀಲಿ ನೂಲಿನಲ್ಲಿ,
ನಾಲ್ಕು ಚೌಕ, ಬಿಡುವು, ಎಂಟು ಚೌಕ.
ಒಂದು ಎಳೆಯೂ ತಪ್ಪಿರಲಿಲ್ಲ.

ನಾನು ಬಹಳ ಹೊತ್ತು ಬೆಸುಗೆಕಡ್ಡಿ ಒರೆಸಿದೆ.
ಅದು ನಕ್ಷಿ ಅಲ್ಲ ಬಾಯಿ. ಕನ್ನಡ.
ಇಂಗ್ಲಿಷು, ಹಿಂದಿ, ಮರಾಠಿ ಗೊತ್ತು ಈ ಫೋನಿಗೆ,
ಇದೊಂದು ಗೊತ್ತಿಲ್ಲ, ಚೌಕ ಬಿಡಿಸಿ ಸುಮ್ಮನಾಗತೈತಿ.
ನನ್ನ ಕಂಪ್ಯೂಟರಿನಲ್ಲಿ ತೆಗೆದು ಓದಿದೆ:
"ಅಂಚು ಕೆಂಪಿರಲಿ."

ಸಂಗೂಬಾಯಿ ನೀಲಿ ಅಂಚನ್ನು ತಿರುವಿ ನೋಡಿದಳು,
ನಾಲಿಗೆ ಕಚ್ಚಿದಳು,
ನಕ್ಕಳು. ಪಕ್ಕದ ಮಗ್ಗದ ಅಂಬಾದಾಸ
ಏನಾಯಿತೆಂದು ಇಣುಕುವಷ್ಟು ನಕ್ಕಳು.

ಅಷ್ಟರಲ್ಲಿ ಫೋನು ಕಿಣಿ ಎಂದಿತು.
ಹನ್ನೊಂದಕ್ಕೂ ಸೇರಿ ಒಂದು ಉತ್ತರ,
ಶುರುವಾದದ್ದು "ದತ್ತೋಪಂತರಿಗೆ ನಮಸ್ಕಾರ."
ಯಾರಿವರು?
"ಫೋನ್ ಇದ್ದ ಮುನೀಮ. ಭಂಗಾರದವಗ ಹಾಕಿ ಪುಣೆಕ ಹ್ವಾದಾ."

ಸೆಟ್ಟಿಂಗಿನ ಅಡಿಯಲ್ಲಿ ಒಂದು ಸಾಲು: ಕಳಿಸುವವರ ಹೆಸರು.
ಅಲ್ಲಿ ಮುನೀಮ ಇನ್ನೂ ಕಾಲು ಚಾಚಿ ಕೂತಿದ್ದ.
ಅಳಿಸಿದೆ. ಖಾಲಿ ಗೆರೆ ಮಿಣುಕಿತು.

ಏನು ಹಾಕಲಿ?
ರೇಷನ್ ಕಾರ್ಡಿನಲ್ಲಿ ನಡುವೆ ಗಂಡನ ಹೆಸರು, ಮರಾಠಿಯಲ್ಲಿ.
ಬ್ಯಾಂಕಿನ ಹುಡುಗ ತನಗೆ ಸರಿಕಂಡಂತೆ
ಸಂಗೀತಾ ಮಾಡಿಬಿಟ್ಟಿದ್ದಾನೆ.
"ಇಲ್ಲಿ ತಾ," ಅಂದಳು.

ಇಂಗ್ಲಿಷ್ ಅಕ್ಷರ ಒಂದೊಂದೇ ನಾನು ಹೇಳಿದೆ,
ಅವಳು ಹುರಿ ಎಣಿಸುವ ಹೆಬ್ಬೆರಳಿನಿಂದ ಒತ್ತಿದಳು:
ಏಳು, ನಾಲ್ಕು ಸಲ. ಎರಡು, ಒಮ್ಮೆ.
ಆರು, ಎರಡು ಸಲ. ನಾಲ್ಕು, ಒಮ್ಮೆ. ಎಂಟು, ಎರಡು ಸಲ.
ಸಂಗು. ಅಷ್ಟಕ್ಕೇ ನಿಲ್ಲಿಸಿದಳು.
ಬಾಯಿ ಬೇಡವೇ? "ಅದು ನೀವು ಅನ್ನೂದು."

ದುಡ್ಡು ಕೇಳಲಿಲ್ಲ ನಾನು. ಟವೆಲ್ಲು ಇಟ್ಟುಹೋದಳು.
ಒದ್ದೆ ಕೈ ಒರೆಸಲು ಮನಸ್ಸಾಗದೆ
ಮೊಳೆಗೆ ತೂಗುಹಾಕಿದ್ದೇನೆ.

ಮುಂದಿನ ಸೋಮವಾರ ಮತ್ತೆ ಬಂದಳು.
ಸಾವಕಾರರು ಈ ಸಲ ಇಂಗ್ಲಿಷ್ ಅಕ್ಷರದಲ್ಲಿ ಕೇಳಿದ್ದರು:
ದತ್ತೋಪಂತರು ಕೆಲಸ ಬಿಟ್ಟರೇನು?
"ಇದ್ದಿಲ್ಲ ಅಂತ ಬರೀತೀನಿ. ಹೆಂಗ ಬರೀಬೇಕು?"
ಹೇಳಿದೆ.
ಬೋಳು ಗುಂಡಿಯ ಮೇಲೆ ಬೆರಳು ನಿಂತಿತು,
ಐದು, ಮೂರು ಸಲ.
ತುಸು ತಡೆದು,
ಮತ್ತೆ ಮೂರು ಸಲ.